ಬದನೆಗೆ ಆಸ್ಪಿರಿನ್ ಕೊಡಬಹುದೇ?

ಈ ತಿಂಗಳು ಬಂದ ಪತ್ರಗಳಲ್ಲಿ ಆರನ್ನು ಆರಿಸಿದ್ದೇನೆ. ಆರೂ ಬ್ಯಾಕ್ಟೀರಿಯಾ ರೋಗಗಳ ಬಗ್ಗೆ. ಕೃಷಿ ಇಲಾಖೆಯವರು ಇದನ್ನೇ ದುಂಡಾಣು ರೋಗ ಅನ್ನುತ್ತಾರೆ. ಹೊಸ ಓದುಗರಿಗಾಗಿ ನನ್ನ ಪರಿಚಯ ಎರಡೇ ಮಾತಿನಲ್ಲಿ: ಕಾಸರಗೋಡು ಜಿಲ್ಲೆಯ ಕೃಷಿ ಭವನಗಳಲ್ಲಿ 26 ವರ್ಷ ಕೆಲಸ ಮಾಡಿದವಳು. ಈಗ ಬೆಳ್ಳೂರಿನಲ್ಲಿ ಗುಡ್ಡ ಕೊರೆದ ಸುರಂಗದ ನೀರು ಬಿಟ್ಟುಕೊಂಡು ನೆಟ್ಟಿಕಾಯಿ (ತರಕಾರಿ) ಬೆಳೆಯುತ್ತಿದ್ದೇನೆ.

ಪ್ರಶ್ನೆ: ಗದ್ದೆ ಬದಿಯಲ್ಲಿ 40 ಬದನೆ ಗಿಡ ನೆಟ್ಟಿದ್ದೆ. ಹೂ ಬಿಡುವ ಹೊತ್ತಿಗೆ ಒಂದೊಂದೇ ಬಾಡತೊಡಗಿತು. ಎಲೆ ಹಸಿರಾಗಿಯೇ ಇರುತ್ತದೆ. ಮಧ್ಯಾಹ್ನ ಜೋತು ಬೀಳುತ್ತದೆ, ಮೂರ್ನಾಲ್ಕು ದಿನದಲ್ಲಿ ಗಿಡವೇ ಸಾಯುತ್ತದೆ. ಈಗ ಉಳಿದದ್ದು 22. ಆಸ್ಪಿರಿನ್ ಮಾತ್ರೆ ಕರಗಿಸಿ ಸಿಂಪಡಿಸಿದರೆ ಗಿಡಕ್ಕೆ ತಾನೇ ರೋಗ ಎದುರಿಸುವ ಶಕ್ತಿ ಬರುತ್ತದೆ ಎಂದು ಒಂದು ವಿಡಿಯೋದಲ್ಲಿ ನೋಡಿದೆ. ನಿಜವೇ? ವಿಷ ಹೊಡೆಯಲು ಮನಸ್ಸಿಲ್ಲ. ನಮ್ಮದು ಎಣ್ಮಕಜೆ ಪಂಚಾಯತು.
— ಪೆರ್ಲ ಹತ್ತಿರದ ಗೃಹಿಣಿ

ನಿಮ್ಮ ಕೊನೆಯ ಎರಡು ಮಾತು ಓದಿ ಸ್ವಲ್ಪ ಹೊತ್ತು ಪತ್ರ ಕೆಳಗಿಟ್ಟೆ. ಗೇರು ಗುಡ್ಡೆಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದ ಊರು ನಿಮ್ಮದು. 2011ರಲ್ಲಿ ಸುಪ್ರೀಂ ಕೋರ್ಟು ಆ ಕೀಟನಾಶಕವನ್ನೇ ತಡೆಯಿತು. ಆದರೆ ಅಲ್ಲಿನ ಮನೆಗಳಲ್ಲಿ ಇವತ್ತಿಗೂ ಸ್ಪ್ರೇ ಕ್ಯಾನು ಕಂಡರೆ ಮುಖ ತಿರುಗಿಸುವವರಿದ್ದಾರೆ. ನಾನು ಕೆಲಸದಲ್ಲಿದ್ದಾಗ ಅವರ ಮನೆ ಜಗಲಿಯಲ್ಲಿ ಕುಳಿತು ಮಾತಾಡಿದ್ದೇನೆ. ಹಾಗಾಗಿ ವಿಷ ಬೇಡ ಎನ್ನುವ ನಿಮ್ಮ ಮಾತನ್ನು ಮೊದಲು ಒಪ್ಪಿಕೊಂಡೇ ಉತ್ತರ ಬರೆಯುತ್ತೇನೆ.

ವಿಡಿಯೋದವರು ಸುಮ್ನೆ ಹುಟ್ಟಿಸಿ ಹೇಳಿದ್ದಲ್ಲ. 1961ರಲ್ಲಿ ಅಮೆರಿಕದ ಎ. ಫ್ರ್ಯಾಂಕ್ ರಾಸ್ ಎಂಬ ವಿಜ್ಞಾನಿ ಹೊಗೆಸೊಪ್ಪಿನ ಗಿಡದ ಕೆಲವು ಎಲೆಗಳಿಗೆ ಮಾತ್ರ ವೈರಸ್ ತಗಲಿಸಿ ನೋಡಿದರು. ಕೆಲವು ದಿನ ಕಳೆದು ಅದೇ ಗಿಡದ ಬೇರೆ ಎಲೆಗಳಿಗೆ ತಗಲಿಸಿದಾಗ ಅಲ್ಲಿ ರೋಗ ಅಷ್ಟು ಹಿಡಿಯಲಿಲ್ಲ. ಕೆಳಗಿನ ಎಲೆಗೆ ಬಿದ್ದ ಪೆಟ್ಟಿನ ಸುದ್ದಿ ಮೇಲಿನ ಎಲೆಗೆ ತಲುಪಿತ್ತು! 1979ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಹೊಗೆಸೊಪ್ಪಿನ ಎಲೆಗೆ ಆಸ್ಪಿರಿನ್ ಚುಚ್ಚಿದರು. ಆಗಲೂ ವೈರಸ್‌ನ ಕಲೆಗಳು ಕಡಿಮೆಯಾದವು. ಯಾಕೆ ಎಂದು ಸ್ಪಷ್ಟವಾದದ್ದು 1990ರಲ್ಲಿ. ಆಸ್ಪಿರಿನ್ನಿನ ತಾಯಿ ಪದಾರ್ಥವಾದ ಸ್ಯಾಲಿಸಿಲಿಕ್ ಆಮ್ಲವನ್ನು ಗಿಡ ತಾನೇ ತಯಾರಿಸುತ್ತದೆ. ರೋಗ ತಗಲಿದಾಗ ಗಿಡದೊಳಗೆ ಅದು ಜಾಸ್ತಿಯಾಗುತ್ತದೆ. ಅದೇ ಎಚ್ಚರಿಕೆಯ ಗಂಟೆ. ಗಂಟೆ ಕೇಳಿದ ಎಲೆಗಳು ರೋಗಾಣುವಿನ ಗೋಡೆ ಒಡೆಯುವ ಪ್ರೋಟೀನುಗಳನ್ನು ಮಾಡಿಕೊಳ್ಳುತ್ತವೆ, ತಮ್ಮ ಗೋಡೆಯನ್ನು ಗಟ್ಟಿ ಮಾಡಿಕೊಳ್ಳುತ್ತವೆ.

ಇದನ್ನು 'ಗಿಡಕ್ಕೆ ಲಸಿಕೆ' ಎಂದು ಕರೆಯುವವರಿದ್ದಾರೆ. ನನಗೆ ಆ ಮಾತು ಅಷ್ಟು ಸರಿ ಕಾಣುವುದಿಲ್ಲ. ನಮ್ಮ ರಕ್ತದಲ್ಲಿ ಓಡಾಡುವ ಕಾವಲು ಕಣಗಳು ಗಿಡಕ್ಕಿಲ್ಲ. ಗಿಡದ ಪ್ರತಿಯೊಂದು ಜೀವಕಣವೂ ತನ್ನ ಬಾಗಿಲು ತಾನೇ ಕಾಯಬೇಕು. ರೋಗಾಣು ಒಳಗೆ ಬಂತೆಂದು ಗೊತ್ತಾದರೆ ಸುತ್ತಲಿನ ಕಣಗಳು ಕೆಲವೊಮ್ಮೆ ತಾವೇ ಸತ್ತು ಅದನ್ನು ಅಲ್ಲಿಯೇ ಕಟ್ಟಿಹಾಕುತ್ತವೆ. ಮುಳಿಹುಲ್ಲಿನ ಗುಡ್ಡೆಗೆ ಬೆಂಕಿ ಬಿದ್ದಾಗ ಮುಂದಿನ ಹುಲ್ಲನ್ನು ನಾವೇ ಕೆರೆದು ತೆಗೆದು ಗೆರೆ ಮಾಡುವುದಿಲ್ಲವೇ, ಹಾಗೆ.

ಲಸಿಕೆಗಿಂತ ನನಗೆ ನೆನಪಾಗುವುದು ಆಟಿ ಅಮಾವಾಸ್ಯೆ. ಬೆಳಕು ಹರಿಯುವ ಮೊದಲು ಹಾಲೆ ಮರದ ಕೆತ್ತೆ ತಂದು, ಜಜ್ಜಿ, ಬರಿ ಹೊಟ್ಟೆಗೆ ಕಷಾಯ ಕೊಡುತ್ತಿದ್ದಳು ನನ್ನ ಅಮ್ಮ. ಬಾಯಿಯೆಲ್ಲ ಕಹಿ. ಆಮೇಲೆ ಮೆಂತೆ ಗಂಜಿ. ಅದನ್ನು ಕುಡಿಯುವುದು ಜ್ವರ ಬಂದ ಮೇಲಲ್ಲ, ಬರುವ ಮೊದಲು. ಗಿಡದ ಶಕ್ತಿ ಎಬ್ಬಿಸುವ ಯಾವುದೇ ಉಪಾಯವೂ ಹೀಗೆಯೇ. ಸಿಂಪಡಿಸಿದ ಮೇಲೆ ಗಿಡ ಸಿದ್ಧವಾಗಲು ಕೆಲವು ದಿನ ಬೇಕು. ರೋಗ ಬಂದು ಕುಳಿತ ಗಿಡಕ್ಕೆ ಅದು ಮದ್ದಲ್ಲ.

ಇನ್ನು ನಿಮ್ಮ ಬದನೆ. ನೀವು ಬರೆದ ಲಕ್ಷಣ ನೋಡಿದರೆ ಇದು ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾದ ಸೊರಗು ರೋಗ. ಖಚಿತ ಮಾಡಿಕೊಳ್ಳುವ ಕ್ರಮ ಕೊನೆಯ ಪ್ರಶ್ನೆಯ ಉತ್ತರದಲ್ಲಿದೆ. ಅದು ಇರುವುದು ಮಣ್ಣಿನಲ್ಲಿ. ಬೇರಿನ ಗಾಯದಿಂದ ಒಳಗೆ ಹೋಗಿ, ನೀರು ಏರುವ ನಾಳಗಳಲ್ಲಿ ಅಂಟಿನಂಥದ್ದನ್ನು ತುಂಬಿಸುತ್ತದೆ. ಬುಡ ಒದ್ದೆ ಇದ್ದರೂ ತುದಿಗೆ ನೀರು ಹತ್ತುವುದಿಲ್ಲ. ಎಲೆ ಹಳದಿಯಾಗುವಷ್ಟೂ ಪುರುಸೊತ್ತಿಲ್ಲದೆ ಹಸಿರಿನಲ್ಲೇ ಜೋತು ಬೀಳುವುದು ಅದಕ್ಕೇ. ಎಲೆಯ ಮೇಲೆ ಆಸ್ಪಿರಿನ್ ನೀರು ಹೊಡೆದರೆ ಆ ನಾಳದ ಅಂಟು ಕರಗುವುದಿಲ್ಲ.

ಅಮೆರಿಕದ ಫ್ಲೋರಿಡಾದಲ್ಲಿ ಇದೇ ರೋಗಕ್ಕೆ ಟೊಮೆಟೊ ಮೇಲೆ ಪ್ರಯೋಗ ಮಾಡಿದ್ದಾರೆ. ಸ್ಯಾಲಿಸಿಲಿಕ್ ಆಮ್ಲದ ಕೆಲಸವನ್ನೇ ಮಾಡುವ, ಅದಕ್ಕೆಂದೇ ತಯಾರಿಸಿದ ಅಸಿಬೆಂಜೋಲಾರ್ ಎಂಬ ಔಷಧಿ ಕೊಟ್ಟು ನೋಡಿದರು. ಸ್ವಲ್ಪ ಮಟ್ಟಿಗೆ ರೋಗ ತಡೆಯುವ ತಳಿಗಳಲ್ಲಿ ಗಿಡ ಸಾಯುವುದು ಕಡಿಮೆಯಾಯಿತು. ತಡೆಯುವ ಗುಣವೇ ಇಲ್ಲದ ತಳಿಗಳಲ್ಲಿ ಪ್ರಯೋಜನ ಕಾಣಲಿಲ್ಲ. ನಾನು ಎಲ್ಲರಿಗೂ ಹೇಳುವುದು ಈ ಪ್ರಯೋಗವನ್ನೇ. ಮಲಗಿದ ಶಕ್ತಿಯನ್ನು ಎಬ್ಬಿಸಬಹುದು. ಇಲ್ಲದ್ದನ್ನು ಎಬ್ಬಿಸುವುದು ಹೇಗೆ?

ಹಾಗಾಗಿ ತಳಿಯಿಂದ ಶುರು ಮಾಡಿ. ಈ ರೋಗ ತಡೆಯುವ ತಳಿಗಳನ್ನು ಕೇರಳ ಕೃಷಿ ವಿಶ್ವವಿದ್ಯಾಲಯವೇ ಕೊಟ್ಟಿದೆ. ಬದನೆಯಲ್ಲಿ ಸೂರ್ಯ, ಶ್ವೇತ, ಹರಿತ, ನೀಲಿಮ. ಟೊಮೆಟೊದಲ್ಲಿ ಶಕ್ತಿ, ಮುಕ್ತಿ, ಅನಘ. ಮೆಣಸಿನಲ್ಲಿ ಉಜ್ವಲ, ಅನುಗ್ರಹ. ಪಡನ್ನಕ್ಕಾಡಿನ ಕೃಷಿ ಕಾಲೇಜಿನಲ್ಲೋ ಪಿಲಿಕ್ಕೋಡಿನ ಸಂಶೋಧನಾ ಕೇಂದ್ರದಲ್ಲೋ ಬೀಜ, ಸಸಿ ಇದೆಯಾ ಎಂದು ಕೇಳಿ ಹೋಗಿ. ಸುಮ್ಮನೆ ಬಸ್ಸು ಹತ್ತಬೇಡಿ. ಹಳೆಯ ಊರ ಬದನೆಯೇ ಬೇಕು, ರುಚಿ ಬಿಡಲಾರೆ ಎನ್ನುವವರಿಗೆ ಇನ್ನೊಂದು ದಾರಿ ಇದೆ. ಸುಂಡೆ ಗಿಡದ ಬುಡಕ್ಕೆ ಊರ ಬದನೆಯ ಕುಡಿಯನ್ನು ಕಸಿ ಕಟ್ಟುವುದು. ಸುಂಡೆಯ ಬೇರು ಈ ರೋಗವನ್ನು ಚೆನ್ನಾಗಿ ತಡೆಯುತ್ತದೆ. ನನ್ನ ಹಿತ್ತಿಲಲ್ಲಿ ಅಂಥ ಮೂರು ಗಿಡಗಳಿವೆ. ಎರಡನೇ ವರ್ಷವೂ ಕಾಯಿ ಬಿಡುತ್ತಿವೆ.

ಈಗಿರುವ 22 ಗಿಡಗಳಿಗೆ ಮಾಡಬೇಕಾದದ್ದು ಬೇರೆ. ಬಾಡಿದ ಗಿಡವನ್ನು ಅದೇ ದಿನ ಬೇರಿನ ಮಣ್ಣು ಸಮೇತ ತೆಗೆದು, ದೂರ ಒಯ್ದು ಸುಡಿ. ಗೊಬ್ಬರ ಗುಂಡಿಗೆ ಹಾಕಲೇಬೇಡಿ. ಗಿಡ ಕಿತ್ತ ಜಾಗದ ಗುಂಡಿಗೆ ಸ್ವಲ್ಪ ಬ್ಲೀಚಿಂಗ್ ಪುಡಿ ಹಾಕಿ ಮುಚ್ಚಿ. ತೋಡಿನ ನೀರು ಆ ಸಾಲಿನಿಂದ ಮುಂದಿನ ಸಾಲಿಗೆ ಹರಿಯದ ಹಾಗೆ ಕಟ್ಟ ಹಾಕಿ. ಒಂದೇ ಒಂದು ಬಾಡಿದ ಗಿಡದಿಂದ ನೀರಿನ ಜೊತೆ ಸಾಲಿಡೀ ಹರಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬುಡ ಕೆತ್ತುವುದನ್ನು ನಿಲ್ಲಿಸಿ, ಬೇರಿಗೆ ಗಾಯ ಆಗಬಾರದು. ಮುಂದಿನ ಎರಡು ಮೂರು ವರ್ಷ ಆ ಜಾಗದಲ್ಲಿ ಬದನೆ, ಟೊಮೆಟೊ, ಮೆಣಸು ಬೇಡ. ಅಲಸಂಡೆ, ಬೆಂಡೆ, ಹರಿವೆ ಮಾಡಿ. ಗದ್ದೆ ಬದಿ ಅಂದಿರಲ್ಲ, ಒಂದು ಏಣೇಲು (ಮಳೆಗಾಲದ ಭತ್ತ) ಬೆಳೆ ತೆಗೆದು ನೀರು ನಿಲ್ಲಿಸಿದ ಗದ್ದೆಯಲ್ಲಿ ಆಮೇಲೆ ತರಕಾರಿ ಮಾಡಿದರೆ ಈ ಕಾಟ ಕಡಿಮೆ.

ಆಸ್ಪಿರಿನ್ ಬಗ್ಗೆ ಒಂದು ಮಾತು ಬಾಕಿ. ಬಹಳ ವರ್ಷದ ಹಿಂದೆ ನಾನೂ ಸ್ಯಾಲಿಸಿಲಿಕ್ ಆಮ್ಲದ ಪುಡಿ ತಂದು ಮೆಣಸಿನ ಸಸಿಗೆ ಹೊಡೆದಿದ್ದೆ. ತಣ್ಣೀರಿನಲ್ಲಿ ಸರಿಯಾಗಿ ಕರಗದ ಪುಡಿ ಅದು. ಅಂದಾಜಿಗೆ ಹಾಕಿದೆ. ಮೂರನೇ ದಿನಕ್ಕೆ ಎಲೆಗಳ ಅಂಚು ಸುಟ್ಟು ಕರಟಿತು, ಅಷ್ಟೂ ಸಸಿ ಹೋಯಿತು. ಮಾತ್ರೆ ಲೆಕ್ಕದಲ್ಲಿ ಹೊಡೆದು ನೋಡಿ ಎಂದು ನಿಮಗೆ ಹೇಳಲು ನನಗೆ ಧೈರ್ಯವಿಲ್ಲ.

ಪ್ರಶ್ನೆ: ಬೈಲು ಗದ್ದೆಯ ಏಣೇಲಿನಲ್ಲಿ ಭತ್ತದ ಎಲೆ ತುದಿಯಿಂದ ಅಂಚಿನುದ್ದಕ್ಕೂ ಹಳದಿಯಾಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತಿದೆ. ಅಪ್ಪ ಸೆಗಣಿ ನೀರು ಚಿಮುಕಿಸು ಅನ್ನುತ್ತಾರೆ. ಅದರಲ್ಲಿ ವಿಜ್ಞಾನ ಇದೆಯೇ?
— ಕುಂಬಳೆ ಕಡೆಯ ಕೃಷಿಕ

ಇದೆ. ನಿಮ್ಮ ಅಪ್ಪನ ಮಾತು ಕೇರಳ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಪುಸ್ತಕದಲ್ಲೇ ಇದೆ. ಒಂದು ಲೀಟರ್ ನೀರಿಗೆ 20 ಗ್ರಾಂ ಹಸಿ ಸೆಗಣಿ. ಕಲಸಿ, ತಂಗಲು ಬಿಟ್ಟು, ಮೇಲಿನ ತಿಳಿಯನ್ನು ಸೋಸಿ ಸಿಂಪಡಿಸುವುದು. ರೋಗದ ಮೊದಲ ಗುರುತು ಕಂಡಾಗ ಒಮ್ಮೆ, ಆಮೇಲೆ 15 ದಿನಕ್ಕೊಮ್ಮೆ. ಸೆಗಣಿಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳು ಎಲೆಯ ಮೇಲೆ ಕೆಟ್ಟದ್ದಕ್ಕೆ ಜಾಗ ಬಿಡುವುದಿಲ್ಲ. ಹಟ್ಟಿಯಲ್ಲಿ ನಮ್ಮೂರಿನ ಕಾಸರಗೋಡು ಗಿಡ್ಡ ದನ ಇದ್ದರೆ ಬೇರೆಲ್ಲೂ ಹುಡುಕಬೇಕಾಗಿಲ್ಲ.

ಇದು ದುಂಡಾಣು ಎಲೆ ಅಂಗಮಾರಿ. ಜಪಾನಿನ ರೈತರು 1884ರಲ್ಲೇ ಇದನ್ನು ಗಮನಿಸಿದ್ದರು. ಬೆಳಗ್ಗೆ ಗದ್ದೆಗೆ ಹೋದಾಗ ಭತ್ತದ ಎಲೆಯ ತುದಿಯಲ್ಲೊಂದು ಹನಿ ನೋಡಿದ್ದೀರಿ ಅಲ್ವಾ? ಅದೆಲ್ಲ ಇಬ್ಬನಿ ಅಲ್ಲ. ಗಿಡವೇ ರಾತ್ರಿ ಎಲೆಯಂಚಿನ ಸಣ್ಣ ರಂಧ್ರಗಳಿಂದ ಹೊರಗೆ ಬಿಟ್ಟ ನೀರು. ಬ್ಯಾಕ್ಟೀರಿಯಾ ಒಳಗೆ ಹೋಗುವುದೂ ಅದೇ ರಂಧ್ರದಿಂದ. ರೋಗ ತುದಿಯಿಂದ, ಅಂಚಿನಿಂದ ಶುರುವಾಗುವುದು ಅದಕ್ಕೇ. ಇನ್ನೊಂದು ದಾರಿಯನ್ನು ನಾವೇ ಮಾಡಿಕೊಡುತ್ತೇವೆ. ನೇಜಿ (ಭತ್ತದ ಸಸಿ) ಉದ್ದವಾಯಿತೆಂದು ತುದಿ ಕತ್ತರಿಸಿ ನೆಡುತ್ತೇವೆ. ಪ್ರತಿ ಕತ್ತರಿಸಿದ ತುದಿಯೂ ತೆರೆದ ಬಾಗಿಲು. ಮುಂದಿನ ಸಲ ಆ ಕತ್ತಿ ಮನೆಯಲ್ಲೇ ಇರಲಿ.

ಯೂರಿಯಾ ಕೂಡ ಸದ್ಯ ನಿಲ್ಲಿಸಿ. ಕಡು ಹಸಿರಾಗಿ ಸೊಕ್ಕಿದ ಪೈರಿಗೆ ಇದು ಬೇಗ ಹತ್ತುತ್ತದೆ. ಪೊಟಾಶ್ ಕಡಿಮೆ ಮಾಡಬೇಡಿ. ಗದ್ದೆಯ ನೀರಿಗೆ ಎಕರೆಗೆ 2 ಕಿಲೋದಂತೆ ಬ್ಲೀಚಿಂಗ್ ಪುಡಿ ಹಾಕುವ ಕ್ರಮವೂ ನಮ್ಮಲ್ಲಿದೆ. ರೋಗದ ಗದ್ದೆಯ ನೀರನ್ನು ಕೆಳಗಿನ ಗದ್ದೆಗೆ ಬಿಡುವ ಮೊದಲು ಆ ಗದ್ದೆಯವರಲ್ಲಿ ಒಂದು ಮಾತು ಹೇಳಿ.

ಭತ್ತದಲ್ಲೂ ಗಿಡದ ಶಕ್ತಿ ಎಬ್ಬಿಸುವ ಕೆಲಸ ನಡೆದಿದೆ. ಜಪಾನಿನಲ್ಲಿ 1970ರ ದಶಕದಿಂದಲೇ ಪ್ರೊಬೆನಜೋಲ್ ಎಂಬ ಹರಳು ಬಳಸುತ್ತಿದ್ದಾರೆ. ಮುಖ್ಯವಾಗಿ ಬೆಂಕಿ ರೋಗಕ್ಕೆ, ಜೊತೆಗೆ ಈ ಅಂಗಮಾರಿಗೂ. ಅದು ರೋಗಾಣುವನ್ನು ನೇರವಾಗಿ ಕೊಲ್ಲುವುದಕ್ಕಿಂತ ಹೆಚ್ಚಾಗಿ ಭತ್ತದ ಗಿಡವನ್ನೇ ಎಚ್ಚರಿಸುತ್ತದೆ. ನಮ್ಮ ದೇಶದಲ್ಲಿ ತಳಿಯ ದಾರಿ ಹಿಡಿದರು. ಕಾಡು ಭತ್ತದಿಂದ ಬಂದ ಎಕ್ಸ್‌ಎ21 ಎಂಬ ಜೀನ್ ಮತ್ತು ಇನ್ನೆರಡನ್ನು ಸಾಂಬಾ ಮಸೂರಿಗೆ ಸೇರಿಸಿ ಹೈದರಾಬಾದಿನ ವಿಜ್ಞಾನಿಗಳು 2008ರಲ್ಲಿ ಹೊಸ ತಳಿ ಬಿಟ್ಟರು. ಸಪೂರ ಅಕ್ಕಿ ಅದು. ಕೆಂಪು ಕುಚ್ಚಲಕ್ಕಿ ಗಂಜಿ ಉಣ್ಣುವ ನಮ್ಮ ಕಡೆಗೂ ಅಂಥದ್ದೊಂದು ಬೇಕು ಎಂಬುದು ನನ್ನ ಬಹುಕಾಲದ ಆಸೆ.

ಪ್ರಶ್ನೆ: ಸ್ಯೂಡೋಮೋನಾಸ್ ಪುಡಿ ತಂದು ಮೂರು ಸಲ ಹಾಕಿದೆ. ಏನೂ ಆಗಲಿಲ್ಲ. ದುಡ್ಡು ದಂಡವೇ? ಶುಂಠಿಯ ಸೊರಗು ರೋಗಕ್ಕೆ ಏನು ಮಾಡಲಿ?
— ಮುಳ್ಳೇರಿಯದ ಓದುಗರು

ಪ್ಯಾಕೆಟ್ಟಿನ ತಾರೀಖು ನೋಡಿದ್ದೀರಾ? ಒಮ್ಮೆ ನನಗೂ ಹೀಗೆಯೇ ಆಯಿತು. ಅಂಗಡಿಯವರು ಕೊಟ್ಟ ಪ್ಯಾಕೆಟ್ಟು ಬಿಸಿಲು ಬೀಳುವ ಕಪಾಟಿನಲ್ಲಿ ತಿಂಗಳುಗಟ್ಟಲೆ ಇದ್ದದ್ದು. ಮನೆಗೆ ಬಂದ ಮೇಲೆ ನೋಡಿದರೆ ಅವಧಿ ಮುಗಿದಿತ್ತು. ಇದು ಗೊಬ್ಬರ ಅಲ್ಲ, ಜೀವ ಇರುವ ವಸ್ತು. ಬಿಳಿ ಟಾಲ್ಕ್ ಪುಡಿಯಲ್ಲಿ ಬ್ಯಾಕ್ಟೀರಿಯಾಗಳು ಮಲಗಿರುತ್ತವೆ. ಬಿಸಿಲಿನಲ್ಲಿ ಸಾಯುತ್ತವೆ. ಮೈಲುತುತ್ತು, ಬೋರ್ಡೋ ದ್ರಾವಣ, ಬ್ಲೀಚಿಂಗ್ ಪುಡಿ, ಬೂದಿ, ಸುಣ್ಣ ಇವುಗಳ ಜೊತೆ ಸೇರಿದರೂ ಸಾಯುತ್ತವೆ. ಅಡಿಕೆಗೆ ಬೋರ್ಡೋ ಹೊಡೆದ ಅದೇ ಕ್ಯಾನಿನಲ್ಲಿ, ತೊಳೆಯದೆ, ಇದನ್ನು ಕಲಸಿದವರನ್ನು ನಾನು ಬಲ್ಲೆ. ಅಂಥದ್ದೇನಾದರೂ ಹಾಕಿದ್ದರೆ 15 ದಿನ ಬಿಟ್ಟು ಇದನ್ನು ಹಾಕಿ. ಲೀಟರಿಗೆ 20 ಗ್ರಾಂ, ಸಂಜೆ ಹೊತ್ತು, ಮಣ್ಣು ಒದ್ದೆ ಇರುವಾಗ.

ಹಾಕುವ ಹೊತ್ತೂ ಮುಖ್ಯ. ಬೀಜಕ್ಕೆ ಹಚ್ಚಬೇಕು, ನೆಡುವಾಗ ಸಸಿಯ ಬೇರನ್ನು ಅದರ ನೀರಿನಲ್ಲಿ ಅದ್ದಬೇಕು. ಬೇರು ಸಣ್ಣದಿದ್ದಾಗಲೇ ಈ ಬ್ಯಾಕ್ಟೀರಿಯಾ ಅಲ್ಲಿ ಬೀಡು ಬಿಡಬೇಕು. ಇದು ಎಲೆಯನ್ನು ಮುಟ್ಟುವುದೇ ಇಲ್ಲ, ಬೇರಿನಲ್ಲೇ ಇರುತ್ತದೆ. ಆದರೂ ಎಲೆ ರೋಗಕ್ಕೆ ಸಿದ್ಧವಾಗಿ ನಿಲ್ಲುತ್ತದೆ. ಬೇರಿನ ಬ್ಯಾಕ್ಟೀರಿಯಾದಿಂದ ಗಿಡದ ಬೇರೆ ಭಾಗಕ್ಕೂ ಇಂಥ ರಕ್ಷಣೆ ಸಿಗುತ್ತದೆ ಎಂದು 1991ರಲ್ಲಿ ಸೌತೆ ಮತ್ತು ಕಾರ್ನೇಶನ್ ಗಿಡಗಳಲ್ಲಿ ತೋರಿಸಿದರು. ಮೊದಲು ಹೇಳಿದ ಸ್ಯಾಲಿಸಿಲಿಕ್ ಗಂಟೆಗಿಂತ ಇದರ ದಾರಿ ಹೆಚ್ಚಾಗಿ ಬೇರೆ. ಗಿಡ ತಕ್ಷಣ ಆಯುಧ ಎತ್ತುವುದಿಲ್ಲ. ರೋಗಾಣು ಬಂದಾಗ ಬೇಗ ಎತ್ತಲು ಕೈ ಹತ್ತಿರ ಇಟ್ಟುಕೊಳ್ಳುತ್ತದೆ. ಅದಕ್ಕೇ ರೋಗ ಇಲ್ಲದ ವರ್ಷ ಇದು ಕೆಲಸ ಮಾಡಿತೋ ಇಲ್ಲವೋ ಗೊತ್ತಾಗುವುದೇ ಇಲ್ಲ.

ಶುಂಠಿಯ ಸೊರಗು ರೋಗದ ಬಗ್ಗೆಯೂ ನೀವು ಕೇಳಿದ್ದೀರಿ. ಕೋಯಿಕ್ಕೋಡಿನ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು ಅದಕ್ಕೆ ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ ಬೇರೆ ಬ್ಯಾಕ್ಟೀರಿಯಾವನ್ನು ತಯಾರಿಸಿದ್ದಾರೆ. ಅಲ್ಲಿ ವಿಚಾರಿಸಿ. ಆದರೆ ಬಿತ್ತನೆ ಗೆಡ್ಡೆ ರೋಗದ ತೋಟದ್ದಾದರೆ ಯಾವ ಪುಡಿಯೂ ಉಳಿಸದು.

ಪ್ರಶ್ನೆ: ಗಿಡಕ್ಕೆ ಇಷ್ಟು ಶಕ್ತಿ ಇದ್ದರೆ ಅದನ್ನು ಯಾವಾಗಲೂ ಎಚ್ಚರವಾಗಿಯೇ ಇಟ್ಟುಕೊಳ್ಳಬಹುದಲ್ಲ? ಮತ್ತೆ ರೋಗ ಬರುವುದೇ ಯಾಕೆ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಮಂಜೇಶ್ವರ

ತುಂಬ ಒಳ್ಳೆಯ ಪ್ರಶ್ನೆ ಮಗಾ. ಎಚ್ಚರ ಇರುವುದಕ್ಕೂ ಖರ್ಚಿದೆ. ಆಯುಧ ಮಾಡುವ ಸಕ್ಕರೆ, ಸಾರಜನಕ ಎಲ್ಲ ಕಾಯಿಗೆ ಹೋಗಬೇಕಾದದ್ದೇ. ಜರ್ಮನಿಯಲ್ಲಿ ಗೋಧಿಗೆ ರೋಗವೇ ಇಲ್ಲದಾಗ ಗಿಡವನ್ನು ಎಚ್ಚರಿಸುವ ಔಷಧಿ ಹೊಡೆದು ನೋಡಿದರು. ಗಿಡವೂ ಸಣ್ಣದಾಯಿತು, ಕಾಳೂ ಕಡಿಮೆಯಾಯಿತು. ರಾತ್ರಿಯಿಡೀ ಹಂದಿ ಕಾದು ಬೆಳಗ್ಗೆ ಗದ್ದೆ ಉಳುವವನ ಹಾಗೆ. ಅದಕ್ಕೇ ಗಿಡ ತನ್ನ ಶಕ್ತಿಯನ್ನು ಮಲಗಿಸಿಟ್ಟು, ಗುರುತು ಕಂಡಾಗ ಮಾತ್ರ ಏಳುತ್ತದೆ. ಬ್ಯಾಕ್ಟೀರಿಯಾ ಈಜುವ ಬಾಲದ ಪ್ರೋಟೀನಿನ ಒಂದು ಚೂರು ಸಿಕ್ಕಿದರೂ ಸಾಕು, ಅನೇಕ ಗಿಡಗಳ ಕಣಕ್ಕೆ ಗೊತ್ತಾಗುತ್ತದೆ.

ರೋಗಾಣು ಕೂಡ ಸುಮ್ಮನೆ ಕೂರುವುದಿಲ್ಲ. ಇಂಜೆಕ್ಷನ್ ಸೂಜಿಯಂಥ ಒಂದು ಅಂಗ ಅದಕ್ಕಿದೆ. ಅದರಿಂದ ತನ್ನ ಪ್ರೋಟೀನುಗಳನ್ನು ಗಿಡದ ಕಣದೊಳಗೆ ಚುಚ್ಚಿ ಆ ಎಚ್ಚರಿಕೆಯ ಗಂಟೆಯನ್ನೇ ಅದುಮಿ ಹಿಡಿಯುತ್ತದೆ. ಕೆಲವು ತಳಿಗಳು ಆ ಚುಚ್ಚಿದ ಪ್ರೋಟೀನನ್ನೇ ಗುರುತು ಹಿಡಿದು ಮತ್ತೆ ಏಳುತ್ತವೆ. ಈ ಹಗ್ಗಜಗ್ಗಾಟ ಲಕ್ಷಾಂತರ ವರ್ಷದಿಂದ ನಡೆದಿದೆ. ನೀನು ಮುಂದೆ ಓದುವುದಾದರೆ ಇದನ್ನೇ ಓದು. ನಮ್ಮ ಬದನೆ, ನಮ್ಮ ಕಾಳುಮೆಣಸಿನಲ್ಲಿ ಮಾಡಬೇಕಾದ ಕೆಲಸ ಬೆಟ್ಟದಷ್ಟಿದೆ.

ಪ್ರಶ್ನೆ: ನಮ್ಮದು ದಾಳಿಂಬೆ. ಕಾಯಿಯ ಮೇಲೆ ಎಣ್ಣೆ ಕಲೆಯಂತೆ ಬಂದು ಸೀಳುತ್ತದೆ. ನಿಮ್ಮ ಹಿಂದಿನ ಅಂಕಣದಲ್ಲಿ ಸ್ಯಾಲಿಸಿಲಿಕ್ ಆಮ್ಲದ ಹೆಸರು ಓದಿದೆ. ನಮಗೂ ಆಗುತ್ತದೆಯೇ?
— ಜತ್ತ ತಾಲೂಕು, ಸಾಂಗ್ಲಿ ಜಿಲ್ಲೆ

ದಾಳಿಂಬೆ ನಾನು ಬೆಳೆದವಳಲ್ಲ, ನಮ್ಮ ಮಳೆಗೆ ಅದು ಆಗುವುದೂ ಇಲ್ಲ. ನಿಮಗೆ ಸೊಲ್ಲಾಪುರ ಹತ್ತಿರ. ಅಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಇದೆ. ನೀವು ಹೇಳಿದ ಎಣ್ಣೆ ಕಲೆಯ ದುಂಡಾಣು ಅಂಗಮಾರಿಗೆ ಅವರ ಶಿಫಾರಸಿನಲ್ಲಿ ಸ್ಯಾಲಿಸಿಲಿಕ್ ಆಮ್ಲವೂ ಇದೆ. ಆದರೆ ಅದು ಒಂದೇ ಅಲ್ಲ. ರೋಗದ ಕೊಂಬೆ ಕತ್ತರಿಸುವುದು, ಬಿದ್ದ ಎಲೆ ಸುಡುವುದು, ಗಿಡಕ್ಕೆ ವಿಶ್ರಾಂತಿ ಕೊಡುವುದು ಎಲ್ಲದರ ಜೊತೆ. ಪ್ರಮಾಣವನ್ನು ಅವರಿಂದಲೇ ಬರೆಸಿಕೊಳ್ಳಿ. ಕತ್ತರಿಯನ್ನು ಪ್ರತಿ ಗಿಡಕ್ಕೂ ತೊಳೆದುಕೊಳ್ಳಿ.

ಪ್ರಶ್ನೆ: ಗಿಡ ಬಾಡಿದ್ದು ಬ್ಯಾಕ್ಟೀರಿಯಾದಿಂದಲೋ ಬೇರೆ ಕಾರಣದಿಂದಲೋ ಮನೆಯಲ್ಲೇ ತಿಳಿಯಬಹುದೇ?
— ಬದಿಯಡ್ಕದ ಓದುಗರು

ತಿಳಿಯಬಹುದು. ಪೆರ್ಲದ ಅಕ್ಕನೂ ಇದನ್ನು ಇವತ್ತೇ ಮಾಡಿ ನೋಡಲಿ. ಈಗಷ್ಟೇ ಬಾಡಿದ ಗಿಡದ ಬುಡದ ಹತ್ತಿರದಿಂದ ಬೆರಳುದ್ದದ ಕಾಂಡ ಹರಿತ ಚೂರಿಯಿಂದ ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ. ಕಾಂಡದ ಕತ್ತರಿಸಿದ ತುದಿ ನೀರಿಗೆ ತಾಗುವಂತೆ, ಅಲುಗಾಡದ ಹಾಗೆ ಹಿಡಿಯಿರಿ ಅಥವಾ ಕಡ್ಡಿಗೆ ಕಟ್ಟಿ ನಿಲ್ಲಿಸಿ. ಲೋಟದ ಹಿಂದೆ ಕಪ್ಪು ಬಟ್ಟೆ ಇದ್ದರೆ ಚೆನ್ನಾಗಿ ಕಾಣುತ್ತದೆ. ಬ್ಯಾಕ್ಟೀರಿಯಾ ಆದರೆ ಕೆಲವೇ ನಿಮಿಷದಲ್ಲಿ ತುದಿಯಿಂದ ಹಾಲಿನಂಥ ಬಿಳಿ ಎಳೆ ಕೆಳಗಿಳಿಯುತ್ತದೆ. ಶಿಲೀಂಧ್ರದ ಸೊರಗಾದರೆ ನೀರು ತಿಳಿಯಾಗಿಯೇ ಇರುತ್ತದೆ. ಭತ್ತದ ಎಲೆಯ ತುಂಡಿಗೂ ಹೀಗೆಯೇ ಮಾಡಬಹುದು.

ನೋಡಿ ಆದ ಮೇಲೆ ಆ ನೀರನ್ನು ತರಕಾರಿ ಸಾಲಿಗೆ ಚೆಲ್ಲಬೇಡಿ. ಒಲೆಯ ಮೇಲಿಟ್ಟು ಕುದಿಸಿ ಚೆಲ್ಲಿ, ಚೂರಿಯನ್ನೂ ಅದರಲ್ಲೇ ಅದ್ದಿ ತೆಗೆಯಿರಿ. ಎಷ್ಟು ಹೊತ್ತಿಗೆ ಎಳೆ ಕಂಡಿತು, ಯಾವ ತಳಿ, ಹಿಂದಿನ ವರ್ಷ ಅಲ್ಲಿ ಏನು ಬೆಳೆದಿದ್ದಿರಿ ಎಂದು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ.